ಸೀಸ್ತಾನದಿಂದ ಚಿತ್ರದುರ್ಗಕ್ಕೆ: ಗಾಳಿಗಿರಣಿಯ ಹಾದಿ

ಗಾಳಿಗಿರಣಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಾಲೆಂಡಿನ ಚಿತ್ರ. ಆದರೆ ಅದರ ಬಗ್ಗೆ ಸಿಗುವ ಹಳೆಯ ಖಚಿತ ಬರಹಗಳು ಇಂದಿನ ಇರಾನ್-ಅಫ್ಘಾನಿಸ್ತಾನ ಗಡಿಯ ಸೀಸ್ತಾನಕ್ಕೆ ಸೇರಿದವು. 10ನೇ ಶತಮಾನದ ಭೂಗೋಳತಜ್ಞ ಇಸ್ತಖ್ರಿ ಮತ್ತು ಚರಿತ್ರೆಕಾರ ಮಸ್‌ಊದಿ ಇವನ್ನು ಪ್ರಸ್ತಾಪಿಸಿದ್ದಾರೆ. ಬೇಸಿಗೆಯಲ್ಲಿ ನೂರಿಪ್ಪತ್ತು ದಿನ ಎಡೆಬಿಡದೆ ಗಾಳಿ ಬೀಸುವ ನಾಡದು. ಅಲ್ಲಿನವರು ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ಹಲಗೆಗಳನ್ನು ಕಟ್ಟಿ, ಗಾಳಿ ಒಂದು ಪಕ್ಕಕ್ಕೆ ಮಾತ್ರ ಬಡಿಯುವಂತೆ ಮಣ್ಣಿನ ಗೋಡೆ ಎಬ್ಬಿಸಿದರು. ಬೀಸುಕಲ್ಲು ಕಂಬದ ಜೊತೆಗೇ ತಿರುಗುತ್ತಿತ್ತು, ಹಲ್ಲುಗಾಲಿಯ ಗೊಡವೆಯೇ ಇರಲಿಲ್ಲ. ಇಂಥ ಗಿರಣಿಗಳು ಇರಾನಿನ ನಶ್ತೀಫಾನ್‌ನಲ್ಲಿ ನಮ್ಮ ಕಾಲದವರೆಗೂ ಉಳಿದು ಬಂದಿವೆ.

ಇನ್ನೂ ಹಿಂದಿನ ಸುಳಿವೊಂದು ನಮ್ಮ ಇತಿಹಾಸದ ನೋವಿನ ಪುಟದಲ್ಲಿದೆ. ಅಬೂ ಲುಅ್‌ಲುಅ ಎಂಬ ಪರ್ಶಿಯನ್ ಗುಲಾಮ ತನ್ನ ಮೇಲಿನ ತೆರಿಗೆ ಹೆಚ್ಚಾಯಿತೆಂದು ಖಲೀಫಾ ಹಝ್ರತ್ ಉಮರ್(ರ) ಬಳಿ ದೂರು ತಂದನು. ಬಡಗಿಯೂ ಕಮ್ಮಾರನೂ ಆದವನಿಗೆ ಅದು ಭಾರವಲ್ಲವೆಂದ ಖಲೀಫರು, ಗಾಳಿಯಿಂದ ನಡೆಯುವ ಗಿರಣಿ ಕಟ್ಟಬಲ್ಲೆಯಂತೆ ಎಂದು ಕೇಳಿದರು. ಜನ ಮಾತಾಡಿಕೊಳ್ಳುವಂಥದ್ದನ್ನೇ ಕಟ್ಟುತ್ತೇನೆ ಎಂದು ಹೋದವನು, 644ರಲ್ಲಿ ಅವರನ್ನು ಇರಿದನು. ತಬರಿಯವರ ಗ್ರಂಥದಲ್ಲಿರುವ ಈ ವೃತ್ತಾಂತವನ್ನು ತಂತ್ರಜ್ಞಾನದ ಚರಿತ್ರೆಕಾರರು ಎಚ್ಚರಿಕೆಯಿಂದಲೇ ಬಳಸುತ್ತಾರೆ. ಅದನ್ನು ನಂಬಿದರೂ ವಿದ್ಯೆ ಪರ್ಶಿಯನ್ ಕುಶಲಕರ್ಮಿಗಳದ್ದು. ಎಲ್ಲವೂ ಮುಸ್ಲಿಮರ ಆವಿಷ್ಕಾರವೆಂದು ಬೀಗುವವರು ಇದನ್ನು ಗಮನಿಸಬೇಕು.

ಯುರೋಪಿನಲ್ಲಿ ಗಾಳಿಗಿರಣಿ ಕಾಣಿಸಿಕೊಂಡದ್ದು 12ನೇ ಶತಮಾನದಲ್ಲಿ. ಅಲ್ಲಿ ರೆಕ್ಕೆಗಳು ಅಡ್ಡ ಅಚ್ಚಿನ ಮೇಲೆ ತಿರುಗುತ್ತವೆ. ಆದ್ದರಿಂದ ಪೂರ್ವದಿಂದಲೇ ಹೋಯಿತೆಂದು ಹೇಳಲಾಗದು. 1887ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ ಗಾಳಿಯಿಂದ ವಿದ್ಯುತ್ ಪಡೆದರು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು 1960ರ ದಶಕದಲ್ಲೇ ನೀರೆತ್ತುವ ಗಾಳಿಯಂತ್ರಗಳ ಮೇಲೆ ದುಡಿದಿದ್ದರು. ವಿಮಾನದ ಜನ ಬಾವಿಯ ಚಿಂತೆ ಮಾಡಿದ ಆ ಕೆಲಸ ಇಂದು ಎಷ್ಟು ಮಂದಿಗೆ ನೆನಪಿದೆ?

1999ರಲ್ಲಿ ಇಂಗ್ಲೆಂಡಿನ ಸ್ವಾಫಮ್‌ನಲ್ಲಿ ಎದ್ದ ಯಂತ್ರದ ವಿಶೇಷವೇ ಬೇರೆ. ರೆಕ್ಕೆಗಳ ಬುಡದಲ್ಲೇ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ವಿನ್ಯಾಸಗೊಳಿಸಿದ ವೀಕ್ಷಣಾ ಅಟ್ಟ. ಸಾಮಾನ್ಯ ಜನ ಗೋಪುರದೊಳಗಿನ 305 ಮೆಟ್ಟಿಲು ಹತ್ತಿ ಅಲ್ಲಿಂದ ತಮ್ಮ ಊರು ನೋಡಿದರು. ಅಲ್ಲಿನ ಸಂದರ್ಶಕರ ಕೇಂದ್ರ ಆನಂತರ ಮುಚ್ಚಿತು.

ನಾಗಸಂದ್ರದ ಮುಂದೆ ಹಾಯುವ ತುಮಕೂರು ಹೆದ್ದಾರಿ ಹಿಡಿದು ಹೋದರೆ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳು ಕಾಣುತ್ತವೆ. ಅವುಗಳ ಕೆಳಗೆ ಕುರಿ ಮೇಯಿಸುವವರಿಗೆ ಆ ಬಿಳಿ ಗೋಪುರದ ಬಾಗಿಲು ಸದಾ ಬೀಗ ಹಾಕಿದ ಬಾಗಿಲೇ. ಸದ್ಯಕ್ಕೆ ನಮ್ಮ ವೀಕ್ಷಣಾ ಅಟ್ಟವೆಂದರೆ ದುರ್ಗದ ಕೋಟೆಯ ಬತೇರಿಗಳು.