ಮಅಬರಾ

ಹೀಬ್ರೂ ನಾಮಪದ, ಬಹುವಚನ ಮಅಬರೋತ್. ‘ದಾಟು’ ಎಂಬರ್ಥದ ಧಾತುವಿನಿಂದ ಬಂದದ್ದು. ಬೈಬಲಿನಲ್ಲಿ ಜೋರ್ಡಾನ್ ಹೊಳೆಯ ಕಡವುಗಳಿಗೆ ಬಳಕೆಯಾದ ಮಾತೂ ಇದೇ ಮೂಲದ್ದು.

ಆಧುನಿಕ ಇಸ್ರೇಲಿನಲ್ಲಿ ಈ ಪದ 1950ರಿಂದೀಚೆಗೆ ವಲಸಿಗರ ತಾತ್ಕಾಲಿಕ ವಸತಿಗೆ ನಿಂತಿತು. ಅದಕ್ಕೂ ಹಿಂದಿನ ವಲಸೆ ಶಿಬಿರಗಳಲ್ಲಿ ಊಟವನ್ನು ಯಹೂದಿ ಏಜೆನ್ಸಿಯೇ ಒದಗಿಸುತ್ತಿತ್ತು. ಮಅಬರಾದಲ್ಲಿ ದುಡಿದು ತಮ್ಮ ಅನ್ನ ತಾವೇ ಸಂಪಾದಿಸಬೇಕಿತ್ತು. ದೊರೆಯುತ್ತಿದ್ದದ್ದು ಬಹುಪಾಲು ರಸ್ತೆ, ಅರಣ್ಯೀಕರಣದ ಕೂಲಿ. ವಾಸ ಡೇರೆಗಳಲ್ಲಿ, ಬಟ್ಟೆ ಹೊದಿಸಿದ ಗುಡಿಸಲುಗಳಲ್ಲಿ, ‘ಪಹೋನ್’ ಎಂಬ ತಗಡಿನ ಮನೆಗಳಲ್ಲಿ. ನೀರಿಗೆ ಸಾಲು, ಹಲವು ಕುಟುಂಬಗಳಿಗೆ ಒಂದೇ ಶೌಚಾಲಯ. 1951ರ ಕೊನೆಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಹೀಗಿದ್ದರು.

ಯುರೋಪಿನಿಂದ ಬಂದವರೂ ಇಲ್ಲಿದ್ದರು. ಆದರೆ ನೆಂಟರ, ಪರಿಚಿತರ ನೆರವಿನಿಂದ ಅವರು ಬೇಗ ಹೊರಬಿದ್ದರು. ಇರಾಕ್ ಮೊದಲಾದ ಅರಬ್ ದೇಶಗಳ ಯಹೂದಿಗಳು, ಅಂದರೆ ಮಿಜ್ರಾಹಿಗಳು, ವರ್ಷಗಟ್ಟಲೆ ಉಳಿದರು. ಬಾಗ್ದಾದಿನಲ್ಲಿ ಗುಮಾಸ್ತರೂ ವ್ಯಾಪಾರಿಗಳೂ ಆಗಿದ್ದವರು ಇಲ್ಲಿ ಗುದ್ದಲಿ ಹಿಡಿದರು. ಈ ತಾರತಮ್ಯವೇ ಪದಕ್ಕೆ ಕಹಿಯನ್ನು ತುಂಬಿತು. ಬಾಗ್ದಾದಿನಲ್ಲೇ ಹುಟ್ಟಿದ ಶಿಮೋನ್ ಬಲ್ಲಾಸ್ 1964ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರೂ ಇದೇ.

1960ರ ದಶಕದ ಹೊತ್ತಿಗೆ ಶಿಬಿರಗಳು ಬಹುತೇಕ ಮುಚ್ಚಿದವು. ಕಿರ್ಯಾತ್ ಶ್ಮೋನಾ, ಸ್ದೆರೋತ್, ಯೆರುಹಾಮ್‌ನಂಥವು ಊರುಗಳಾಗಿ ಬೆಳೆದವು. ಇಂದಿನ ಹೀಬ್ರೂವಿನಲ್ಲಿ ಈ ಪದ ಆ ಕಾಲದ ಬಡತನವನ್ನೂ ಮಿಜ್ರಾಹಿಗಳಿಗಾದ ಅನ್ಯಾಯವನ್ನೂ ಸೂಚಿಸುತ್ತದೆ.