ನುಂಗಲಾಗದ ರೋಗಿಗೆ ಮಾತ್ರೆ: ಪುಡಿ ಮಾಡುವ ಮುನ್ನ

ಸೊರಬ ತಾಲೂಕಿನ ಉಳವಿ ಭಾಗದ ಹಳ್ಳಿಗಳಲ್ಲಿ ಯಾರಿಗಾದರೂ ಪಾರ್ಶ್ವವಾಯು ಬಡಿದರೆ ಮೊದಲು ಸೊರಬದ ತಾಲೂಕು ಆಸ್ಪತ್ರೆ, ಅಗತ್ಯ ಬಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ಗತಿ. ರೋಗಿ ಮನೆಗೆ ಮರಳಿದ ಮೇಲೆ ಔಷಧ ಕೊಡುವ ಹೊಣೆ ಮಗಳದ್ದೋ ಸೊಸೆಯದ್ದೋ ಆಗುತ್ತದೆ. ಚೀಟಿಯಲ್ಲಿ ದಿನಕ್ಕೆಷ್ಟು ಬಾರಿ ಎಂದಿರುತ್ತದೆಯೇ ಹೊರತು ನುಂಗಲಾರದವರಿಗೆ ಹೇಗೆ ಕೊಡಬೇಕೆಂಬುದು ಸಾಮಾನ್ಯವಾಗಿ ಇರುವುದಿಲ್ಲ.

ನುಂಗುವ ಕ್ಷಣದಲ್ಲಿ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ, ಮರೆಗುಳಿತನಗಳಲ್ಲಿ ಈ ಕ್ರಿಯೆ ತಡವಾಗಬಹುದು. ಆಗ ಬಾಯಿಯಲ್ಲಿದ್ದುದು ಶ್ವಾಸನಾಳಕ್ಕೆ ಜಾರುತ್ತದೆ. ಆಡುಮಾತಿನಲ್ಲಿ ‘ನೆತ್ತಿಗೇರಿತು’ ಎನ್ನುವುದು ಇದಕ್ಕೇ. ಅನೇಕರಲ್ಲಿ ಮಾತ್ರೆಗಿಂತ ಅದರೊಡನೆ ಕುಡಿಸುವ ನೀರೇ ಹೆಚ್ಚು ಅಪಾಯಕರ, ಏಕೆಂದರೆ ತೆಳು ದ್ರವ ವೇಗವಾಗಿ ಹರಿಯುತ್ತದೆ. ಕೆಮ್ಮಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಗಂಟಲಿನ ಸಂವೇದನೆ ಕುಂದಿದವರಲ್ಲಿ ಅದು ಸದ್ದಿಲ್ಲದೆ ಒಳಸೇರಿ ನ್ಯುಮೋನಿಯಾಕ್ಕೆ ಎಡೆಮಾಡುತ್ತದೆ. ನುಂಗಿದ ಬಳಿಕ ಧ್ವನಿ ನೀರು ತುಂಬಿದಂತೆ ಗೊರಗೊರ ಎನ್ನುವುದು, ಮತ್ತೆಮತ್ತೆ ಜ್ವರ ಬರುವುದು ಇದರ ಸೂಚನೆ.

ಪಾರ್ಶ್ವವಾಯು ಬಡಿದಾಗ ‘ಒಂದು ಗುಟುಕು ನೀರು’ ಕುಡಿಸುವುದು ನಮ್ಮಲ್ಲಿ ಅಂತಃಕರಣದ ಮೊದಲ ಕೆಲಸ. ಅದೇ ಕೂಡದು. ನುಂಗುವ ಶಕ್ತಿಯನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸುವವರೆಗೆ ನೀರಾಗಲಿ, ಆಸ್ಪಿರಿನ್ ಆಗಲಿ ಬಾಯಿಗೆ ಹಾಕಬಾರದು.

ಮನೆಯಲ್ಲಿ ಔಷಧ ಕೊಡುವಾಗ ರೋಗಿ ಪೂರ್ಣ ಎಚ್ಚರವಿದ್ದು ನೆಟ್ಟಗೆ ಕುಳಿತಿರಬೇಕು. ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ಸುರಿಯುವ ಪದ್ಧತಿ ತಪ್ಪು. ಒಮ್ಮೆಗೆ ಒಂದೇ ಮಾತ್ರೆ. ಕೊಟ್ಟ ಬಳಿಕ ಬಾಯೊಳಗೆ ನೋಡಬೇಕು, ಶಕ್ತಿಗುಂದಿದ ಬದಿಯ ಕೆನ್ನೆಯಲ್ಲಿ ಮಾತ್ರೆ ಉಳಿದಿರುವುದುಂಟು. ಅರ್ಧ ಗಂಟೆ ಮಲಗಿಸಬಾರದು.

ಇನ್ನು ಪುಡಿ ಮಾಡುವ ವಿಚಾರ. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್ ಎಂದಿರುವ ಮಾತ್ರೆಗಳು ದಿನವಿಡೀ ನಿಧಾನವಾಗಿ ಔಷಧ ಬಿಡುವಂಥವು. ಪುಡಿ ಮಾಡಿದರೆ ಇಡೀ ದಿನದ ಪ್ರಮಾಣ ಒಮ್ಮೆಲೇ ರಕ್ತಕ್ಕೆ ಸೇರಿ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯಬಹುದು. ಪ್ಯಾಂಟೊಪ್ರಜೋಲ್ ಮಾತ್ರೆಗೆ ಹೊರಲೇಪನವಿರುವುದು ಜಠರದ ಆಮ್ಲದಿಂದ ರಕ್ಷಣೆಗೆ. ಲೇಪನ ಒಡೆದರೆ ಔಷಧವೇ ಹಾಳು. ಮೆಥೊಟ್ರೆಕ್ಸೇಟ್‌ನಂಥ ಮಾತ್ರೆಯ ಧೂಳು ಪುಡಿ ಮಾಡುವವರಿಗೇ ಹಾನಿಕರ. ಆದ್ದರಿಂದ ಪ್ರತಿಯೊಂದು ಮಾತ್ರೆಯನ್ನೂ ವೈದ್ಯರಿಗೆ ಅಥವಾ ಔಷಧ ಅಂಗಡಿಯ ಫಾರ್ಮಸಿಸ್ಟ್‌ಗೆ ತೋರಿಸಿ ಕೇಳುವುದು ಅಗತ್ಯ. ಹಲವು ಔಷಧಗಳು ಸಿರಪ್ ರೂಪದಲ್ಲಿಯೂ ಸಿಗುತ್ತವೆ, ಆದರೆ ಅದನ್ನು ಎಷ್ಟು ಗಟ್ಟಿಯಾಗಿ ಕೊಡಬೇಕೆಂದೂ ಕೇಳಬೇಕು.

ಒಪ್ಪಿಗೆ ದೊರೆತರೆ ಮಾತ್ರೆಗಳನ್ನು ಬೇರೆಬೇರೆಯಾಗಿ, ಎರಡು ಚಮಚಗಳ ನಡುವೆ ಅರೆಯಬಹುದು. (ಅಜ್ಜಿಯ ಎಲೆಅಡಿಕೆ ಕುಟ್ಟಾಣಿ ಇದಕ್ಕೆ ಬೇಡ!) ಪುಡಿಯನ್ನು ಬಟ್ಟಲು ತುಂಬ ಗಂಜಿಗೆ ಬೆರೆಸಿದರೆ ರೋಗಿ ಅರ್ಧಕ್ಕೇ ಸಾಕೆಂದಾಗ ಔಷಧವೂ ಅರ್ಧವೇ ಹೋದಂತೆ. ಒಂದು ಚಮಚ ನುಣ್ಣಗಿನ ದಪ್ಪ ಗಂಜಿ ಅಥವಾ ಕಿವುಚಿದ ಬಾಳೆಹಣ್ಣು ಸಾಕು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ಗಳನ್ನು ಹಾಲು ಮೊಸರಿನಲ್ಲಿ ಕೊಡಬಾರದು. ಸುಣ್ಣದಂಶ ಅವುಗಳನ್ನು ಹಿಡಿದಿಡುತ್ತದೆ.

ನುಂಗುವ ತರಬೇತಿ ನೀಡುವವರು ವಾಕ್ ಚಿಕಿತ್ಸಕರು. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಈ ಚಿಕಿತ್ಸೆ ಲಭ್ಯ. ಉಳವಿಯಿಂದ ಅದು ದೂರದ ದಾರಿ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಅಲ್ಲಿನ ಸಿಬ್ಬಂದಿ ಮುಂದೆ ಒಮ್ಮೆ ಮಾತ್ರೆ ಕೊಟ್ಟು ತೋರಿಸಿಕೊಳ್ಳುವುದು ಲೇಸು. ಮೂರ್ಛೆರೋಗ ಅಥವಾ ಪಾರ್ಕಿನ್ಸನ್ ಮಾತ್ರೆ ನುಂಗಲಾಗದೆ ಒಂದು ಹೊತ್ತು ತಪ್ಪಿದರೂ ಅಂದೇ ವೈದ್ಯರಿಗೆ ತಿಳಿಸಬೇಕು, ಮುಂದಿನ ಹೊತ್ತಿಗೆ ಎರಡು ಮಾತ್ರೆ ಕೊಡಕೂಡದು.