ಹಡಗಿನ ಬೇನೆ, ಘಟ್ಟದ ಬಸ್ಸು

ಆಗುಂಬೆಯ ಘಟ್ಟವನ್ನು ಬಸ್ಸಿನಲ್ಲಿ ಇಳಿದವರಿಗೆಲ್ಲ ಈ ನೋಟ ಪರಿಚಿತವೇ. ಮೂರು ನಾಲ್ಕು ತಿರುವು ಕಳೆಯುವಷ್ಟರಲ್ಲಿ ಮಗುವಿನ ಮಾತು ನಿಲ್ಲುತ್ತದೆ, ಆಕಳಿಕೆ ಬರುತ್ತದೆ, ಮುಖ ಬಿಳಿಚಿಕೊಂಡು ಹಣೆಯ ಮೇಲೆ ತಣ್ಣನೆಯ ಬೆವರು ಮೂಡುತ್ತದೆ. ಇನ್ನೆರಡು ತಿರುವಿಗೆ ತಾಯಿ ಚೀಲಕ್ಕಾಗಿ ತಡಕಾಡುತ್ತಾಳೆ. ಅಕ್ಕಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಾರೆ. ಆಗ ಮಗುವಿಗೆ ನೀರಿಗಿಂತ ಮೊದಲು ಸಿಗುವುದು ಬೈಗುಳ: “ಹೊರಡುವಾಗ ಅಷ್ಟೊಂದು ತಿನ್ನಬೇಡವೆಂದರೆ ಕೇಳಿದೆಯಾ?”

ವಾಚಕರೇ, ಇಂತಹ ಬೈಗುಳವನ್ನು ನಾನೂ ಬೈದವನೇ. ಬಹಳ ವರ್ಷಗಳ ಹಿಂದೆ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದೆವು. ಹುಡುಗನೊಬ್ಬ ದಾರಿಯುದ್ದಕ್ಕೂ ವಾಂತಿಮಾಡಿಕೊಂಡ. “ಮನಸ್ಸು ಗಟ್ಟಿಮಾಡಿಕೊ, ಉಳಿದವರೆಲ್ಲ ನೆಟ್ಟಗಿಲ್ಲವೇ?” ಎಂದು ಗದರಿಸಿ, ಅವನನ್ನು ಕಟ್ಟಕಡೆಯ ಸೀಟಿಗೆ ಕಳುಹಿಸಿದೆ. ಮರುವರ್ಷ ಪ್ರವಾಸಕ್ಕೆ ಬರುವವರ ಹೆಸರು ಬರೆದುಕೊಳ್ಳುವಾಗ ಅವನು ಕೈ ಎತ್ತಲಿಲ್ಲ. ಏಕೆಂದು ನಾನು ಕೇಳಲಿಲ್ಲ; ಕೇಳಬೇಕಾಗಿಯೂ ಇರಲಿಲ್ಲ. ಆಮೇಲೆ ಈ ಬೇನೆಯ ಚರಿತ್ರೆಯನ್ನು ಓದಿದಾಗ ತಿಳಿಯಿತು: ಅಂದು ನಾನು ಆಡಿದ ಮಾತೂ ತಪ್ಪು, ಕೊಟ್ಟ ಜಾಗವೂ ತಪ್ಪು.

ಈ ಬೇನೆ ಬಹು ಹಳೆಯದು. ಓಕರಿಕೆಗೆ ಇಂಗ್ಲಿಷಿನವರು ‘ನಾಸಿಯಾ’ ಎನ್ನುತ್ತಾರಷ್ಟೆ. ಅದರ ಬೇರು ಗ್ರೀಕ್ ಭಾಷೆಯ ‘ನೌಸ್’, ಎಂದರೆ ಹಡಗು. ಸಂಸ್ಕೃತದ ‘ನೌ’, ನಾವು ಬಳಸುವ ‘ನೌಕೆ’, ಇವೆಲ್ಲ ಅದೇ ಬಳ್ಳಿಯ ಕುಡಿಗಳು. ಹಡಗಿಗೂ ಹೊಟ್ಟೆಗೂ ಇರುವ ಈ ನಂಟು ಶಬ್ದದಲ್ಲೇ ಉಳಿದುಬಂದಿದೆ. ಕಡಲಯಾನದ ಓಲಾಟ ದೇಹವನ್ನು ಕದಡುತ್ತದೆಂದು ಹಿಪ್ಪೊಕ್ರಾಟಿಸನ ಹೆಸರಿನಲ್ಲಿರುವ ಪ್ರಾಚೀನ ಗ್ರೀಕ್ ವೈದ್ಯಸೂತ್ರಗಳೂ ಹೇಳುತ್ತವೆ.

ಇದು ಹೇಡಿಗಳ ಬೇನೆಯೂ ಅಲ್ಲ. 1805ರಲ್ಲಿ ಟ್ರಫಾಲ್ಗರ್ ಕದನವನ್ನು ಗೆದ್ದು ಅಲ್ಲಿಯೇ ಮಡಿದ ನೆಲ್ಸನ್ನನಿಗೆ ಬಿರುಗಾಳಿಯ ಕಡಲಿನಲ್ಲಿ ಹೊಟ್ಟೆ ತೊಳಸುತ್ತಿತ್ತು. 1831ರ ಡಿಸೆಂಬರಿನಲ್ಲಿ ಬೀಗಲ್ ಹಡಗನ್ನೇರಿದ ಚಾರ್ಲ್ಸ್ ಡಾರ್ವಿನ್ 1836ರಲ್ಲಿ ಊರು ಸೇರುವವರೆಗೂ ಈ ಸಂಕಟದಿಂದ ಪಾರಾಗಲಿಲ್ಲ. ತೂಗುಮಂಚದಲ್ಲಿ ಮಲಗಿ ಒಣದ್ರಾಕ್ಷಿ ತಿಂದು ದಿನ ಕಳೆದದ್ದುಂಟು. ಇಂಥವರಿಗೆ ಮನಸ್ಸು ಗಟ್ಟಿಯಿರಲಿಲ್ಲವೆಂದು ಯಾರಾದರೂ ಹೇಳಿಯಾರೇ?

ಹಾಗಾದರೆ ತಪ್ಪು ಯಾರದು? ಬಹುಕಾಲ ಎಲ್ಲರೂ ಹೊಟ್ಟೆಯನ್ನೇ ದೂರಿದರು. ನಿಜವಾದ ಸುಳಿವು ಸಿಕ್ಕಿದ್ದು ಕಿವಿಯಲ್ಲಿ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತಾಕಾರದ ನಾಳಗಳಿವೆ. 1820ರ ದಶಕದಲ್ಲಿ ಫ್ರಾನ್ಸಿನ ಫ್ಲೂರಾನ್ಸ್ ಪಾರಿವಾಳಗಳಲ್ಲಿ ಈ ನಾಳಗಳನ್ನು ಕತ್ತರಿಸಿದಾಗ ಅವು ಕಿವುಡಾಗುವ ಬದಲು ತಲೆಯನ್ನು ಗಿರ್ರನೆ ಆಡಿಸತೊಡಗಿದವು. 1870ರ ದಶಕದಲ್ಲಿ ಮಾಖ್, ಬ್ರಾಯರ್, ಕ್ರಮ್ ಬ್ರೌನ್ ಎಂಬ ಮೂವರು ವಿದ್ವಾಂಸರು ಬೇರೆಬೇರೆಯಾಗಿ ಒಂದೇ ನಿರ್ಣಯಕ್ಕೆ ಬಂದರು: ಈ ನಾಳಗಳ ಕೆಲಸ ಕೇಳುವುದಲ್ಲ, ತಲೆಯ ತಿರುಗಾಟವನ್ನು ಅರಿಯುವುದು.

1882ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಇನ್ನೊಂದು ಹೆಜ್ಜೆ ಇಟ್ಟ. ಮಾತು ಬಾರದ, ಕಿವಿ ಕೇಳದ ಐನೂರಕ್ಕೂ ಹೆಚ್ಚು ಮಂದಿಯನ್ನು ತಿರುಗಿಸಿ ನೋಡಿ, ವಿಚಾರಿಸಿ ತಿಳಿದದ್ದನ್ನು ಪ್ರಕಟಿಸಿದ. ಅವರಲ್ಲಿ ಮೂರನೆಯ ಒಂದು ಪಾಲಿಗೂ ಮೀರಿದ ಮಂದಿಗೆ ತಲೆಸುತ್ತೇ ಬರಲಿಲ್ಲ! ಅಂಥವರಲ್ಲಿ ಒರಟು ಕಡಲನ್ನು ಕಂಡಿದ್ದ ಕೆಲವರು ತಮಗೆ ಕಡಲಬೇನೆ ಕಾಡಲಿಲ್ಲವೆಂದೂ ತಿಳಿಸಿದರು. ಇದರ ಅರ್ಥವನ್ನು ಗಮನಿಸಿ. ಒಳಗಿವಿ ಕೆಟ್ಟವರಿಗೆ ಈ ಬೇನೆಯಿಲ್ಲ. ಬಸ್ಸಿನಲ್ಲಿ ವಾಂತಿಮಾಡುವ ನಿಮ್ಮ ಮಗುವಿನ ಒಳಗಿವಿ ತನ್ನ ಕೆಲಸವನ್ನು ಮಾಡುತ್ತಿದೆ ಎಂದಾಯಿತು.

ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ ಮಗುವಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು, ಇಲ್ಲವೇ ಕೈಯಲ್ಲಿರುವ ಚಿತ್ರದ ಪುಸ್ತಕ. “ಎಲ್ಲವೂ ನಿಂತಿದೆ” ಎನ್ನುತ್ತದೆ ಕಣ್ಣು. “ಇಲ್ಲ, ತಿರುಗುತ್ತಿದ್ದೇವೆ” ಎನ್ನುತ್ತದೆ ಕಿವಿ. ಈ ಎರಡು ಸಾಕ್ಷಿಗಳ ಜಗಳದಲ್ಲಿ ಮಿದುಳು ಗಲಿಬಿಲಿಗೊಳ್ಳುತ್ತದೆ. ಈ ವಾದವನ್ನು 1975ರಲ್ಲಿ ರೀಸನ್ ಮತ್ತು ಬ್ರ್ಯಾಂಡ್ ಎಂಬವರು ತಮ್ಮ ಗ್ರಂಥದಲ್ಲಿ ವಿಸ್ತರಿಸಿದರು. ಆದರೆ ವಾಂತಿಯೇ ಏಕೆ? ವಿಷ ತಿಂದಾಗಲೂ ಇಂತಹದೇ ಗಲಿಬಿಲಿಯಾಗುವುದರಿಂದ ದೇಹ ತಿಂದದ್ದನ್ನು ಹೊರಹಾಕಲು ಯತ್ನಿಸುತ್ತದೆಂದು 1977ರಲ್ಲಿ ಟ್ರೈಸ್ಮನ್ ಊಹಿಸಿದ. ಇದು ಇನ್ನೂ ಊಹೆಯೇ. ಆದರೂ ಸ್ವಾರಸ್ಯವಾದ ಊಹೆ.

ಔಷಧದ ಕಥೆಯೂ ಸೊಗಸಾಗಿದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಮೈಯಲ್ಲಿ ಪಿತ್ತದ ಗಂಧೆ ಏಳುತ್ತಿದ್ದ ಗರ್ಭಿಣಿಯೊಬ್ಬಳಿಗೆ ಗೇ ಮತ್ತು ಕಾರ್ಲಿನರ್ ಎಂಬ ವೈದ್ಯರು ಹೊಸ ಮಾತ್ರೆಯೊಂದನ್ನು ಕೊಟ್ಟರು. ಟ್ರಾಮು ಹತ್ತಿದರೆ ಸಂಕಟಪಡುತ್ತಿದ್ದ ಆಕೆಗೆ, ಮಾತ್ರೆ ನುಂಗಿದ ದಿನ ಆ ಸಂಕಟವೇ ಇಲ್ಲ! 1947ರ ನವೆಂಬರಿನಲ್ಲಿ ಜರ್ಮನಿಗೆ ಹೊರಟ ಸೈನಿಕರ ಹಡಗಿನಲ್ಲಿ ಅದರ ಪರೀಕ್ಷೆ ನಡೆದು ಗುಣ ಕಂಡಿತು. ಅದೇ ಡ್ರಾಮಮೀನ್. ನಮ್ಮ ಶುಂಠಿಯನ್ನು 1982ರಲ್ಲಿ ತಿರುಗುವ ಕುರ್ಚಿಯ ಮೇಲೆ ಪರೀಕ್ಷಿಸಿದಾಗ ಒಳ್ಳೆಯ ಫಲ ದೊರೆಯಿತು. ಬಳಿಕ ನಡೆದ ಪರೀಕ್ಷೆಗಳ ಫಲಗಳು ಮಾತ್ರ ಒಂದೇ ತೆರನಾಗಿಲ್ಲ.

ಈ ಚರಿತ್ರೆಯಿಂದ ಮನೆಯವರು ಕಲಿಯಬೇಕಾದದ್ದೇನು? ಕಣ್ಣು ಕಿವಿಗಳ ಜಗಳವನ್ನು ಬಿಡಿಸುವುದು. 2 ವರ್ಷದೊಳಗಿನ ಕೂಸುಗಳನ್ನು ಈ ಬೇನೆ ಕಾಡುವುದು ಅಪರೂಪ. 2ರಿಂದ 12ರ ವಯಸ್ಸಿನಲ್ಲಿ ಹೆಚ್ಚು. ಬಸ್ಸಿನಲ್ಲಾದರೆ ಮುಂಭಾಗದ ಸೀಟುಗಳನ್ನು ಆರಿಸಿರಿ. ಕಡೆಯ ಸೀಟಿನಲ್ಲಿ ಕುಲುಕಾಟ ಹೆಚ್ಚು. ಕಾರಿನಲ್ಲಾದರೆ ಮಕ್ಕಳಿಗೆ ಹಿಂದಿನ ಸೀಟೇ ಕ್ಷೇಮ. ವಯಸ್ಸಿಗೆ ತಕ್ಕ ಆಸನದಲ್ಲಿ ಪಟ್ಟಿ ಬಿಗಿದು, ಎದುರಿನ ದಾರಿ ಕಾಣುವಂತೆ ಕೂರಿಸಿರಿ. ದೂರದ ಬೆಟ್ಟವನ್ನು ತೋರಿಸಿರಿ. ಪುಸ್ತಕವೂ ಬೇಡ, ಮೊಬೈಲ್ ಫೋನೂ ಬೇಡ. ಕಿಟಕಿ ತೆರೆದಿರಲಿ, ಆದರೆ ಮಗು ತಲೆಯನ್ನಾಗಲಿ ಕೈಯನ್ನಾಗಲಿ ಹೊರಗೆ ಚಾಚದಿರಲಿ. ತಲೆ ಅಲುಗದಂತೆ ಒರಗಿಸಿರಿ; ನಿದ್ದೆ ಬಂದರೆ ಎಬ್ಬಿಸಬೇಡಿ. ಬರಿಹೊಟ್ಟೆಯೂ ಬೇಡ, ಎಣ್ಣೆತಿಂಡಿಯೂ ಬೇಡ. ಹೊರಡುವ ಮುನ್ನ ಒಂದು ಇಡ್ಲಿ ಸಾಕು. ಮುಖ ಬಿಳಿಚಿದೊಡನೆ ಗಾಡಿ ನಿಲ್ಲಿಸಿ ಇಳಿಸಿ, ಸ್ವಲ್ಪ ನಡೆದಾಡಿಸಿರಿ; ಗುಟುಕು ಗುಟುಕಾಗಿ ನೀರು ಕೊಡಿರಿ.

ಮಾತ್ರೆಯನ್ನು ವೈದ್ಯರ ಮಾತಿಲ್ಲದೆ ಕೊಡಕೂಡದು. ಪ್ರೊಮೆಥಜೀನ್ ಎಂಬ ಔಷಧವನ್ನು 2 ವರ್ಷದೊಳಗಿನ ಮಕ್ಕಳಿಗೆ ಕೊಟ್ಟರೆ ಉಸಿರಾಟಕ್ಕೇ ಅಪಾಯವೆಂದು 2004ರಲ್ಲಿ ಅಮೆರಿಕದ ಔಷಧ ಆಡಳಿತ ಎಚ್ಚರಿಸಿತು. ಪಯಣ ಮುಗಿದ ಮೇಲೂ ವಾಂತಿ ನಿಲ್ಲದಿದ್ದರೆ, ತೀವ್ರ ತಲೆನೋವಿದ್ದರೆ, ನಡಿಗೆ ತೂರಾಡಿದರೆ ಅದು ದಾರಿಯ ಬೇನೆಯಲ್ಲವೆಂದು ಬಗೆದು ತಡಮಾಡದೆ ವೈದ್ಯರಲ್ಲಿಗೆ ಹೋಗಿರಿ.

ಕಣ್ಣಿಗೆ ಹತ್ತಿರದ ಚಿತ್ರ ಬೇಡವೆಂದೆನಷ್ಟೆ. ಕಿವಿಗೆ ಕಥೆ ಧಾರಾಳವಾಗಿ ಇರಬಹುದು. ದಾರಿಯಲ್ಲಿ ಒಂದು ಹಾಡು ಹಾಡಿರಿ, ಒಗಟು ಕೇಳಿರಿ, ಕಾರಿನಲ್ಲಿ ರೇಡಿಯೊ ಇದ್ದರೆ ಹಾಕಿರಿ. ನಾನಂತೂ ಈಗ ಪ್ರವಾಸ ಹೊರಡುವ ಮುನ್ನ ತರಗತಿಯಲ್ಲಿ ಕೇಳುತ್ತೇನೆ: “ಬಸ್ಸಿನಲ್ಲಿ ಯಾರಿಗೆ ಸಂಕಟವಾಗುತ್ತದೆ, ಮಕ್ಕಳೇ?” ಕೈ ಎತ್ತಿದವರಿಗೆ ಮೊದಲ ಸಾಲಿನ ಸೀಟು. ಅಂದು ಕೈ ಎತ್ತದೆ ಉಳಿದ ಆ ಹುಡುಗನಿಗೆ ನಾನು ಕೊಡಬೇಕಾಗಿದ್ದ ಜಾಗವದು.